ಕಟ್ಟಡಕ್ಕಿಂತ ಕಟ್ಟಳೆ

ಚಳಿ ಮೈಗೆ ತಾಗತೊಡಗುವ ನವೆಂಬರಿನ ಮೊದಲ ವಾರದಲ್ಲಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ, ಹೊಲದಿಂದ ಬಂದು ಕೈಕಾಲು ತೊಳೆದು ನೇರವಾಗಿ ಇಲ್ಲಿಗೇ ನಡೆದ ರೈತರ, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಂದಿರ ನಡುವೆ ಕುಳಿತು, ನಾಟಕಕ್ಕೆ ಮುನ್ನ ಹಾಡುವ ವಚನಗಳನ್ನು ಕೇಳಿದವರಿಗೆ, ಸಂಗೀತವು ಶ್ರೋತೃಗಳ ಮೌನವೂ ಕೂಡಿ ಸಂಪನ್ನವಾಗುವ ಸಾಮೂಹಿಕ ಕರ್ಮವೆಂಬ ಅರಿವು ತಾನಾಗಿಯೇ ಮೂಡುವುದು.

ಅಂತಹ ಒಂದು ಸಂಜೆ, ಹಾರ್ಮೋನಿಯಮ್ಮಿನ ಶ್ರುತಿಯನ್ನು ಹಿಡಿದು ಗಾಯಕನು ಬಸವಣ್ಣನವರ ವಚನವೊಂದರ ಕೊನೆಗೆ ಬರುತ್ತಿದ್ದಂತೆ, ನನ್ನ ಪಕ್ಕದಲ್ಲಿದ್ದ ವೃದ್ಧರೊಬ್ಬರು ಅವನಿಗಿಂತ ಅರೆಗಳಿಗೆ ಮೊದಲೇ ಕೂಡಲಸಂಗಮದೇವನ ಅಂಕಿತವನ್ನು ತುಟಿಯಲ್ಲಿ ನುಡಿದರು. ಆ ಮೆಟ್ಟಿಲುಗಳ ತುಂಬ ಅಂತಹ ತುಟಿಗಳು ಅಲುಗುತ್ತಿದ್ದುದನ್ನು ಕಂಡೇ ಇರಬೇಕು, ಗಾಯಕನು ಕೊನೆಯ ನುಡಿಯನ್ನು ಮತ್ತೊಮ್ಮೆ, ಇನ್ನಷ್ಟು ವಿಳಂಬದಲ್ಲಿ ಎತ್ತಿಕೊಂಡನು. ಕೈಯಲ್ಲಿ ಹಿಡಿದ ಯಂತ್ರದಿಂದ ಎಷ್ಟು ಮಧುರವಾದ ಗಾನ ಹೊಮ್ಮಿದರೂ, ನಮ್ಮ ಮುಖವನ್ನು ನೋಡಿ ಅದು ಹೀಗೆ ಹಿಂದಿರುಗಿ ಬರಲಾರದು.

ಈ ರಸಿಕತೆ ಆ ಊರಿಗೆ ಅಕಸ್ಮಾತ್ತಾಗಿ ಒದಗಿದುದಲ್ಲ. ‘ಮರಣವೇ ಮಹಾನವಮಿ’ಯಂತಹ ನಾಟಕವನ್ನು ಸ್ವತಃ ರಚಿಸಿ, ರಂಗಭೂಮಿಯನ್ನು ಲೋಕಶಿಕ್ಷಣದ ಸಾಧನವೆಂದು ಬಗೆದ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರ ಸಂಕಲ್ಪವನ್ನು, ಅವರ ಶಿಷ್ಯರಾದ ಪಂಡಿತಾರಾಧ್ಯ ಶಿವಾಚಾರ್ಯರು ಸಾಣೇಹಳ್ಳಿಯಲ್ಲಿ ಮುಂದುವರಿಸಿದರು, 1997ರಲ್ಲಿ ಆರಂಭವಾದ ಶಿವಸಂಚಾರವೆಂಬ ರಂಗತಂಡವು ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಪಡಿಸಿಕೊಂಡು ನಾಡನ್ನು ಸುತ್ತಿತು, ನವೆಂಬರಿನ ನಾಟಕೋತ್ಸವವು ಬಿತ್ತನೆ ಸುಗ್ಗಿಗಳಂತೆ ಊರಿನ ಪಂಚಾಂಗದೊಳಗೆ ಸೇರಿಹೋಯಿತು.

ನಮ್ಮ ಚಿತ್ರದುರ್ಗ ಜಿಲ್ಲೆಯ ಉಳಿದೆಡೆಗಳಲ್ಲಿ ಕೊರತೆಯಾಗಿರುವುದು ಈ ನಿಯತತೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಚಿತ್ರದುರ್ಗ ನಗರದಲ್ಲಿ ಕಾದಂಬರಿಕಾರ ತ.ರಾ.ಸು. ಅವರ ಹೆಸರನ್ನು ಹೊತ್ತ ರಂಗಮಂದಿರವಿದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ, ‘ತಿರುಕ’ನೆಂಬ ಕಾವ್ಯನಾಮದಿಂದ ಬರೆದ ರಾಘವೇಂದ್ರ ಸ್ವಾಮೀಜಿಯವರು ಕಟ್ಟಿದ ಆಶ್ರಮದ ವಿಶಾಲವಾದ ಅಂಗಳವಿದೆ. ಹಿರಿಯೂರಿನ ಸುತ್ತಣ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಹಾಡುವ, ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ನುಡಿಸುವ ಕಾಡುಗೊಲ್ಲರ ಪರಂಪರೆಯಿದೆ. ಆ ಗಣೆಯ ಗಾಳಿತುಂಬಿದ ನಾದವು ಹತ್ತಿರ ಕುಳಿತು ಕೇಳಬೇಕಾದುದು. ಧ್ವನಿವರ್ಧಕದ ಅಬ್ಬರದಲ್ಲಿ ಅದರ ಉಸಿರೇ ಅಡಗಿಹೋಗುವುದು. ಸ್ಥಳವೂ ಉಂಟು, ಕಲೆಯೂ ಉಂಟು. ಇವೆರಡನ್ನು ಕೂಡಿಸುವ ಗೊತ್ತಾದ ದಿನವೊಂದು ಬೇಕು.

ಆದುದರಿಂದ ತಾಲ್ಲೂಕಿಗೊಂದು ಭವನ ಬೇಕೆಂದು ಸರಕಾರವನ್ನು ಕೇಳುವ ಮೊದಲು, ತಿಂಗಳಿಗೊಂದು ಹುಣ್ಣಿಮೆಯನ್ನು ಗಾನಕ್ಕೆಂದು ಮೀಸಲಿಡುವ ಕಟ್ಟಳೆಯನ್ನು ನಾವೇ ಮಾಡಿಕೊಳ್ಳೋಣ. ಶಾಲೆಯ ಜಗಲಿ ಸಾಕು, ಗುಡಿಯ ಪ್ರಾಕಾರ ಸಾಕು. ಐವತ್ತು ಮಂದಿ ಕೂಡಿದರೆ ಅದೇ ಸಭೆ. ಹಾಡುವವನಿಗೆ ಉಚಿತವಾದ ಸಂಭಾವನೆ ಸಲ್ಲಲಿ, ಭಾಷಣಗಳು ಮೊಟಕಾಗಲಿ, ಮಕ್ಕಳಿಗೆ ಮುಂದಿನ ಸಾಲು ದೊರೆಯಲಿ. ಮೊದಲ ಹುಣ್ಣಿಮೆಗೆ ಹತ್ತೇ ಮಂದಿ ಬಂದರೆಂದು ಎದೆಗುಂದದೆ, ಎರಡನೆಯದಕ್ಕೂ ಚಾಪೆ ಹಾಸುವ ಛಲ ನಮ್ಮಲ್ಲಿರಲಿ. ಸಾಣೇಹಳ್ಳಿಯ ಆ ವೃದ್ಧರ ತುಟಿಗೆ ವಚನದ ಅಂಕಿತವು ಗಾಯಕನಿಗಿಂತ ಮೊದಲೇ ಬಂದುದು ಒಂದು ಸಂಜೆಯ ಫಲವಲ್ಲ. ವರ್ಷವರ್ಷವೂ ಅದೇ ಮೆಟ್ಟಿಲಿಗೆ ಬಂದು ಕುಳಿತುದರ ಫಲ.