ಕಥಾಕಾವ್ಯಗಳಲ್ಲಿ ಕತ್ತಲೆ, ಬೆಳಕು ಮತ್ತು ಲಜ್ಜೆ

ಬೆಳಕು ಪುಣ್ಯಕ್ಕೂ ಕತ್ತಲೆ ಪಾಪಕ್ಕೂ ಸಂಕೇತವೆಂದು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ. ಮಾರ್ಗದರ್ಶಿ ಪುಸ್ತಕಗಳು ಹಾಗೆಯೇ ಕಲಿಸುತ್ತವೆ, ಅಂಕಗಳೂ ದೊರೆಯುತ್ತವೆ. ಆದರೆ ಕನ್ನಡದ ಕಥಾಕಾವ್ಯಗಳನ್ನು ಮೂಲದಲ್ಲಿ ಓದಿದವರಿಗೆ, ಲಜ್ಜೆಯ ವಿಷಯದಲ್ಲಂತೂ, ಈ ಲೆಕ್ಕ ಹೊಂದುವುದಿಲ್ಲ.

ನಮ್ಮ ಹಾನಗಲ್ಲನ್ನೇ ತೆಗೆದುಕೊಳ್ಳೋಣ. ಇದೇ ವಿರಾಟನಗರವೆಂಬುದು ಇಲ್ಲಿಯ ಐತಿಹ್ಯ. ಐತಿಹ್ಯ ಚರಿತ್ರೆಯಲ್ಲ, ಆದರೂ ವಿರಾಟಪರ್ವವು ಈ ಊರಿನ ಮಕ್ಕಳಿಗೆ ತಮ್ಮ ಓಣಿಯ ಕಥೆಯೆನಿಸುವುದು ಲಾಭವೇ ಸರಿ. ಕುಮಾರವ್ಯಾಸನಲ್ಲಿ ಕೀಚಕನು ಸೈರಂಧ್ರಿಯನ್ನು ಒದ್ದುದು ಎಲ್ಲಿ? ಕತ್ತಲ ಕೋಣೆಯಲ್ಲಲ್ಲ, ತುಂಬಿದ ಓಲಗದಲ್ಲಿ, ಅರಸನ ಕಣ್ಣೆದುರಿನಲ್ಲಿ. ನ್ಯಾಯ ಬೇಡಿದವಳಿಗೆ ಆ ಬೆಳಕಿನಲ್ಲಿ ಏನೂ ದೊರೆಯಲಿಲ್ಲ. ರಾತ್ರಿ ಬಾಣಸದ ಮನೆಗೆ ನಡೆದು ಭೀಮನನ್ನು ಎಬ್ಬಿಸಬೇಕಾಯಿತು; ಕೀಚಕನ ವಧೆಯೂ ನಾಟ್ಯಶಾಲೆಯ ಕತ್ತಲೆಯಲ್ಲಿಯೇ. ಇಲ್ಲಿ ನಾಚಬೇಕಾದವನು ವಿರಾಟ.

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರ ನಳಚರಿತ್ರೆಯಲ್ಲಿ ನಳನು ದಮಯಂತಿಯನ್ನು ಬಿಟ್ಟುಹೋಗುವುದು ಇರುಳಿನಲ್ಲಿ. ರಾಜ್ಯವನ್ನು ಜೂಜಿನಲ್ಲಿ ಕಳೆದವನಿಗೆ ಅವಳ ಎಚ್ಚರದ ಕಣ್ಣುಗಳೆದುರು ಹೊರಡುವ ಎದೆಯಿಲ್ಲ. ಮುಂದೆ ಕಾಳ್ಗಿಚ್ಚಿನಲ್ಲಿ ಸಿಕ್ಕಿದ್ದ ಕಾರ್ಕೋಟಕನು ಕಚ್ಚಿ ಅವನ ರೂಪವನ್ನೇ ಕೆಡಿಸುತ್ತಾನೆ. ಇರುಳು ಬೆಳಗಾಗುವವರೆಗೆ ಮಾತ್ರ ಮುಚ್ಚೀತು. ಕೆಟ್ಟ ರೂಪವು ಹಗಲಿನಲ್ಲಿಯೂ ಮುಚ್ಚುತ್ತದೆ.

ಎಲ್ಲರಿಗಿಂತ ಆಳಕ್ಕೆ ಇಳಿದವನು ಜನ್ನ. 1196ರಲ್ಲಿ ಹಾನಗಲ್ಲಿಗೆ ಮುತ್ತಿಗೆ ಹಾಕಿದ ಹೊಯ್ಸಳ ವೀರಬಲ್ಲಾಳನೇ ಅವನ ಆಶ್ರಯದಾತ. ಯಶೋಧರ ಚರಿತೆಯ ಕಾಲ 1209. ರಾಣಿ ಅಮೃತಮತಿ ಇರುಳಿನಲ್ಲಿ ಮಾವಟಿಗನ ಹಾಡನ್ನು ಕೇಳಿ, ಮುಖವನ್ನು ಕಾಣದೆಯೇ ಸೋಲುತ್ತಾಳೆ. ದೂತಿ ಅವನ ಕುರೂಪವನ್ನು ಕಂಡುಬಂದು ಬಣ್ಣಿಸಿದರೂ ಮನಸ್ಸು ತಿರುಗದು. ಒಂದು ರಾತ್ರಿ ಹಿಂಬಾಲಿಸಿದ ಅರಸನು ಕತ್ತಿಯನ್ನೆತ್ತಿ, ಕೊಲ್ಲಲಾರದೆ ಹಿಂದಿರುಗುತ್ತಾನೆ. ಆಮೇಲೆ ಅವಳನ್ನು ಹೊಡೆದದ್ದು ನೈದಿಲೆಯ ಹೂವಿನಿಂದ, ಪರಿಹಾಸದ ನೆವದಲ್ಲಿ!  ಚಂದ್ರನಿಗೆ ಅರಳುವುದೆಂದು ಕವಿಗಳು ಹೇಳುವ ಆ ಹೂವನ್ನು ಜನ್ನನು ಸುಮ್ಮನೆ ಆರಿಸಿದನೆಂದು ನಾನು ನಂಬಲಾರೆ.

ಮುಂದಿನದು ಇನ್ನೂ ಮುಖ್ಯ. ತಾಯಿ ಚಂದ್ರಮತಿಯ ಮುಂದೆ ಯಶೋಧರನು, ಕಂಡದ್ದನ್ನು ಹೇಳಲು ನಾಚಿ, ಕೆಟ್ಟ ಕನಸು ಬಿತ್ತೆನ್ನುತ್ತಾನೆ. ಕನಸಿಗೆ ಶಾಂತಿಯಾಗಬೇಕು, ಶಾಂತಿಗೆ ಬಲಿ ಬೇಕು, ಜೀವಬಲಿಗೆ ಮಗ ಒಪ್ಪದಿರಲು ಹಿಟ್ಟಿನ ಕೋಳಿ. ಆ ಹಿಟ್ಟಿನ ಕೋಳಿ ಕೂಗಿತು. ಬಳಿಕ ರಾಣಿ ವಿಷವಿಕ್ಕಿದಳು. ತಾಯಿಮಕ್ಕಳು ಜನ್ಮಜನ್ಮಗಳಲ್ಲಿ ಮೃಗಪಕ್ಷಿಗಳಾಗಿ ತೊಳಲಿದರು. ಸಂಕಲ್ಪಹಿಂಸೆಯೇ ಇದಕ್ಕೆ ಕಾರಣವೆಂದು ಜೈನಮತ ಹೇಳುತ್ತದೆ. ಕಾವ್ಯದ ತಾತ್ಪರ್ಯವೂ ಅದೇ. ಆದರೆ ಆ ಸಂಕಲ್ಪಕ್ಕೆ ದಾರಿ ತೆರೆದದ್ದು, ಕಂಡದ್ದನ್ನು ಕನಸೆಂದು ಹೇಳಿಸಿದ ನಾಚಿಕೆ. ಹೆಂಡತಿಯ ಇರುಳನ್ನು ಹಳಿಯುವ ವ್ಯಾಖ್ಯಾನಕಾರರು ಗಂಡನ ಈ ಹಗಲಿನ ಸುಳ್ಳನ್ನು ಏಕೆ ದಾಟಿಹೋಗುತ್ತಾರೋ ತಿಳಿಯದು.

ತರಗತಿಯಲ್ಲಿ ಇಂಥ ಭಾಗ ಬಂದಾಗ, ಹುಡುಗಿಯರು ಕುಳಿತಿದ್ದಾರೆಂದು ಪುಟ ಹಾರಿಸುವ ಅಧ್ಯಾಪಕರುಂಟು. ಸಂಕೋಚ ಸಹಜವೇ; ಆದರೆ ನನಗದು ಸಮ್ಮತವಲ್ಲ. ಹೆಣ್ಣುಮಗುವಿಗೆ ಅವಮಾನವಾದಾಗ ಹಿರಿಯರ ಬಾಯಿಂದ ಮೊದಲು ಬರುವ ಮಾತು, ಹೊರಗೆ ತಿಳಿಯದಿರಲಿ ಎಂಬುದು. ಆ ಮಾತು ಕಾಯುವುದು ಸೈರಂಧ್ರಿಯನ್ನೋ, ಕೀಚಕನನ್ನೋ? ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಮಕ್ಕಳ ಮುಂದೆ, ಹುಡುಗರೂ ಹುಡುಗಿಯರೂ ಕೂಡಿ ಕುಳಿತಲ್ಲಿಯೇ, ಓಲಗದ ಆ ಪ್ರಸಂಗವನ್ನು ಒಂದಕ್ಷರ ಬಿಡದೆ ಓದಬೇಕು. ಪದಗಳನ್ನು ಬಿಡಿಸಿ ಅರ್ಥ ಹೇಳಬೇಕು. ವಿರಾಟನೇಕೆ ಸುಮ್ಮನಿದ್ದನೆಂದು ಅವರನ್ನೇ ಕೇಳಬೇಕು.