ಚೀಲಾ ಇತ್ತ ಕೊಡು ತಂಗಿ

ಶನಿವಾರ ತುಳಸಿಗೇರಿ ಹನುಮಪ್ಪನ ಗುಡಿಯ ಮುಂದೆ ಪಾಳಿ ಉದ್ದವಾದಷ್ಟೂ ಮಕ್ಕಳ ರಗಳೆ ಜೋರು. ತಾಯಿಯ ಕೈಯಲ್ಲಿ ಕಾಯಿ-ಕರ್ಪೂರದ ಚೀಲ, ಸೊಂಟದಲ್ಲಿ ಹಸುಗೂಸು. ಐದು ವರ್ಷದ ದೊಡ್ಡವನು ಪೀಪಿ ಬೇಕೆಂದು ಸೆರಗು ಜಗ್ಗುತ್ತಾನೆ. ‘ನಿನ್ನ ಹೆಣಾ ಎತ್ತಲಿ, ಸುಮ್ನಿರ್ತೀಯೋ ಇಲ್ಲೋ!’ ಎಂದು ಆಕೆ ಚೀರುತ್ತಾಳೆ. ಆಗ ಸುತ್ತ ನಿಂತ ನಾವು ಕಂಡೂ ಕಾಣದಂತಿರುತ್ತೇವೆ, ಇಲ್ಲವೇ ‘ಮಕ್ಕಳಿಗೆ ಹಿಂಗ ಬೈತಾರೇನ?’ ಎಂದು ಬುದ್ಧಿ ಹೇಳುತ್ತೇವೆ. ಈ ಬುದ್ಧಿ ಹೇಳುವುದೇ ಹೆಚ್ಚು ಕೆಟ್ಟದ್ದು. ನಾಲ್ಕು ಮಂದಿಯ ಮುಂದೆ ಆದ ಅವಮಾನವನ್ನು ಆಕೆ ತೀರಿಸಿಕೊಳ್ಳುವುದು ಆ ಹುಡುಗನ ಬೆನ್ನ ಮೇಲೆಯೇ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತು. ‘ಯಾಕ ತಂಗಿ, ಬಿಸಲಾಗ ನಿಂತು ಸಾಕಾತೇನ? ಆ ಚೀಲಾ ಇತ್ತ ಕೊಡು, ನಾ ಹಿಡೀತೀನಿ’ ಎನ್ನುತ್ತಾರೆ. ಹುಡುಗನತ್ತ ಬಗ್ಗಿ ‘ನಿನ್ನ ಹೆಸರೇನಪ್ಪಾ?’ ಎನ್ನುತ್ತಾರೆ. ತಾಯಿಗೆ ಒಂದು ಕೈ ಬಿಡುವಾಗುತ್ತದೆ, ಸಿಟ್ಟು ಇಳಿಯಲು ಒಂದು ಗಳಿಗೆ ಸಿಗುತ್ತದೆ. (ಬೈಯುವವನು ತಂದೆಯಾದರೆ ಈ ಮಾತನ್ನು ಗಂಡಸರು ಆಡಬೇಕು, ಅದೇಕೋ ನಮ್ಮ ಬಾಯಿಗೆ ಇದು ಬರುವುದಿಲ್ಲ.) ಆದರೆ ಬೈಗುಳ ಹೊಡೆತಕ್ಕೆ ತಿರುಗಿದರೆ, ಮೈಮೇಲೆ ಬಾಸುಂಡೆ ಕಂಡರೆ ನಯದ ಮಾತು ಸಾಲದು. ತನ್ನ ಸುಪರ್ದಿಯಲ್ಲಿರುವ ಮಗುವನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ; ಮಾಡಿರಿ.