ಅರ್ಬುದರೋಗಿಯ ಮನೋವ್ಯಥೆ

ಅರ್ಬುದವು, ಅಂದರೆ ಎಲ್ಲರೂ ಕ್ಯಾನ್ಸರ್ ಎಂದು ಕರೆಯುವ ರೋಗವು, ಒಂದು ಮನೆಯನ್ನು ಹೊಕ್ಕ ದಿನವೇ ಆ ಮನೆಯವರ ಮಾತು ಕಟ್ಟುತ್ತದೆ. ರಾಯಚೂರಿನಲ್ಲಾಗಲಿ, ದೇವದುರ್ಗ ಮಾನ್ವಿಗಳ ಹಳ್ಳಿಗಳಲ್ಲಾಗಲಿ, ರೋಗದ ಹೆಸರು ವೈದ್ಯರಿಗೆ ಗೊತ್ತು, ಮನೆಯ ಗಂಡಸರಿಗೆ ಗೊತ್ತು. ರೋಗಿಗೆ ಮಾತ್ರ ಗಂಟೆಂದೋ ಹುಣ್ಣೆಂದೋ ಹೇಳಿರುತ್ತಾರೆ. ಇದು ಪ್ರೀತಿಯ ಸುಳ್ಳೆಂಬುದನ್ನು ನಾವು ಬಲ್ಲೆವು. ಆದರೆ ಔಷಧಿಯಿಂದ ಕೂದಲುದುರಿದ ತಾಯಿಗೆ ತನ್ನ ಸ್ಥಿತಿಯು ತಿಳಿಯದೆಂದು ಭಾವಿಸುವದು ಬರಿಯ ಭ್ರಮೆ. ತಿಳಿದೂ ಅವಳು ಕೇಳಲಾರಳು, ತಿಳಿದೂ ಇವರು ಹೇಳಲಾರರು.

ಇದಕ್ಕೆ ಕರ್ಮದ ಮಾತೊಂದು ಕೂಡಿಕೊಳ್ಳುತ್ತದೆ. ಮಾನ್ವಿಯ ಜಗನ್ನಾಥದಾಸರಿಗೆ ಉದರಶೂಲೆ ಬಂದದ್ದು ಹಿರಿಯರನ್ನು ಅವಗಣಿಸಿದ್ದರ ಫಲವೆಂಬ ಕಥೆ ನಮ್ಮ ಜನಕ್ಕೆ ಬಾಯಿಪಾಠ. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ರೊಟ್ಟಿಯೊಡನೆ ಧಾರೆಯೆರೆದರೆಂಬ ಅದರ ಉತ್ತರಾರ್ಧವು ಮಾತ್ರ ರೋಗಿಯ ಮಂಚದ ಬಳಿ ಯಾರಿಗೂ ನೆನಪಾಗದು.

ಮನಸ್ಸಿನ ವೈದ್ಯವು ಪಟ್ಟಣಿಗರ ವಿಲಾಸವೆಂದು ಹೇಳುವವರಿದ್ದಾರೆ. ಅವರು ನೆರೆಯ ಬಳ್ಳಾರಿಯನ್ನು ನೋಡಲಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಆ ಜಿಲ್ಹೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗಗಳನ್ನು ಗುರುತಿಸಿ ಚಿಕಿತ್ಸೆ ಮಾಡುವದನ್ನು ಕಲಿಸಿದರು. 1996ರಲ್ಲಿ ಹಿಂದುಸ್ಥಾನದ ಜಿಲ್ಹಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿದ್ದು ಅದೇ ಮಾದರಿಯ ಮೇಲೆ. ತುಂಗಭದ್ರೆಯ ಆಚೆ ಸಾಧಿಸಿದ್ದು ಈಚೆ ಅಸಾಧ್ಯವೆನ್ನಲು ಕಾರಣವಿಲ್ಲ.

ಈಗಂತೂ ಸಾಧನವು ಕೈಯಲ್ಲಿದೆ. 2022ರ ಅಕ್ಟೋಬರ 10ರಂದು ಆರಂಭವಾದ ಟೆಲಿ-ಮಾನಸ್ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳು, ಯಾವ ಖರ್ಚೂ ಇಲ್ಲದೆ, ಕನ್ನಡದಲ್ಲಿಯೇ ತರಬೇತಿ ಪಡೆದವರೊಡನೆ ಮಾತನಾಡಬಹುದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಸುಮಾರು 400 ಕಿಲೋಮೀಟರು ಹೋಗಿ ಬರುವ ರೋಗಿಗೆ ಮನೆಯಲ್ಲಿ ಕುಳಿತು ದೊರೆಯುವ ನೆರವು ಸಣ್ಣದಲ್ಲ.

ಆದರೂ ಸಂಖ್ಯೆಯನ್ನು ಗೋಡೆಗೆ ಬರೆದಮಾತ್ರಕ್ಕೆ ಕೆಲಸವಾಯಿತೆಂದು ಅಧಿಕಾರಿಗಳು ನೆಮ್ಮದಿಯಾಗಿರಕೂಡದು. 2011ರ ಜನಗಣತಿಯಂತೆ ರಾಯಚೂರು ಜಿಲ್ಹೆಯ ಸ್ತ್ರೀಯರಲ್ಲಿ ಅರ್ಧದಷ್ಟು ಜನಕ್ಕೂ ಅಕ್ಷರ ಬಾರದೆಂಬುದನ್ನು ಮರೆಯಬಾರದು. ಬಹು ಮನೆಗಳಲ್ಲಿ ಫೋನು ಗಂಡನದೋ ಮಗನದೋ ಆಗಿರುತ್ತದೆ. ಅವರ ಎದುರಿಗೇ ಕುಳಿತು 'ನನಗೆ ಸಾಯುವ ಭಯವಾಗಿದೆ' ಎಂದು ಯಾವ ಹೆಂಗಸು ಅಪರಿಚಿತರಿಗೆ ಹೇಳಿಯಾಳು? ರೋಗದ ಹೆಸರನ್ನೇ ಅರಿಯದವಳು ಏನೆಂದು ಕರೆ ಮಾಡಿಯಾಳು? ಕರೆಯು ರೋಗಿಯಿಂದ ಹೊರಡಲೆಂದು ಕಾಯುವ ವ್ಯವಸ್ಥೆಯು ಇಲ್ಲಿ ಸೋಲುವದು. ದವಾಖಾನೆಯಿಂದಲೇ ರೋಗಿಗೆ ಕರೆ ಹೋಗಬೇಕು. ಅದಕ್ಕೂ ಮೊದಲು, ಸತ್ಯವನ್ನು ಎಷ್ಟು, ಹೇಗೆ ತಿಳಿಸಬೇಕೆಂಬುದನ್ನು ವೈದ್ಯರು ಮನೆಯವರಿಗೆ ಕಲಿಸಬೇಕು. ಮನೆಯವರಿಗೂ ದುಃಖವುಂಟು, ರಾತ್ರಿಯೆಲ್ಲ ಎಚ್ಚರವಿದ್ದು ಆರೈಕೆ ಮಾಡುವ ಸೊಸೆಯನ್ನು ಯಾರೂ 'ನೀನು ಹೇಗಿದ್ದೀ' ಎಂದು ಕೇಳುವದಿಲ್ಲ.

ಇನ್ನೊಂದು ಎಚ್ಚರಿಕೆ. ನೋವಿನಿಂದ ಹೊರಳುವವನಿಗೆ ಧೈರ್ಯದ ಮಾತು ಹೇಳುವದು ಅಪಹಾಸ್ಯವೇ ಸರಿ. 2014ರಲ್ಲಿ ಮಾದಕದ್ರವ್ಯಗಳ ಕಾಯದೆಯನ್ನು ತಿದ್ದಿ, ಮಾರ್ಫಿನ್ ದೊರಕಿಸುವ ದಾರಿಯನ್ನು ಸರಕಾರವು ಸುಗಮ ಮಾಡಿತು. ಆ ಔಷಧಿಯು ತಾಲೂಕಿಗೆ ಮುಟ್ಟಲಿ. ಮಾತು ಅದರ ಬೆನ್ನಿಗೆ ಬರಲಿ.

2025ರ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವು, ಮೂರು ವರ್ಷಗಳೊಳಗೆ ಎಲ್ಲ ಜಿಲ್ಹಾ ದವಾಖಾನೆಗಳಲ್ಲಿ ಹಗಲುಚಿಕಿತ್ಸೆಯ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವೆವೆಂದು ಮಾತು ಕೊಟ್ಟಿತು. ಆ ಕೇಂದ್ರಗಳ ನಕ್ಷೆಯಲ್ಲಿ ಹಾಸಿಗೆಗಳಿಗೂ ಯಂತ್ರಗಳಿಗೂ ಸ್ಥಳವಿರುವದರಲ್ಲಿ ಸಂಶಯವಿಲ್ಲ. ನಾವು ಬೇಡುವದು ಅದಕ್ಕಿಂತ ಸ್ವಲ್ಪ: ದೇವದುರ್ಗ, ಮಾನ್ವಿಗಳ ಸರಕಾರೀ ದವಾಖಾನೆಗಳಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದೊಂದು ಕೋಣೆ, ಅದರಲ್ಲಿ ಎರಡು ಕುರ್ಚಿ, ಮುಖ ನೋಡಿ ಮಾತನಾಡುವ ಒಂದು ಪರದೆ, ಮತ್ತು ನಮ್ಮ ಸೀಮೆಯ ಕನ್ನಡವನ್ನೂ ಉರ್ದು, ತೆಲುಗು, ಲಂಬಾಣಿಗಳನ್ನೂ ತಿಳಿದು ರೋಗಿಯ ಪಕ್ಕದಲ್ಲಿ ಕುಳ್ಳಿರುವ ಒಬ್ಬ ದಾದಿ. ಇದರ ಖರ್ಚಿನ ಅಂದಾಜನ್ನು ಜಿಲ್ಹಾ ಪಂಚಾಯತಿಯು ಮುಂದಿನ ಸಭೆಯಲ್ಲಿಯೇ ಮಂಡಿಸಬಹುದಲ್ಲವೆ?